ಹಿಡಿದವರ ಲೆಕ್ಕ

2025ರ ಮೇ 31ರಂದು ನಾನು ಊರಲ್ಲಿದ್ದೆ. ರೋಹಿಣಿ ಮಳೆ ಒಂದು ಹದ ಬಿದ್ದಿತ್ತು. ಹೆಸರು ಬಿತ್ತೋದು ಇವತ್ತೋ ನಾಳೆಯೋ ಅಂತ ಮನೆಯಲ್ಲಿ ಮಾತು ನಡೆದಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಪ್ರೊ ಕಬಡ್ಡಿ ಹರಾಜು ನೋಡುತ್ತಿದ್ದೆ. ಪಕ್ಕದಲ್ಲಿ ಅಣ್ಣ, ಅಂದರೆ ನಮ್ಮ ದೊಡ್ಡಪ್ಪನ ಮಗ, ಎಡಗಾಲು ನೀಟಾಗಿ ಚಾಚಿಕೊಂಡು ಕೂತಿದ್ದ. ಅವನು ಆ ಕಾಲು ಮಡಚಿ ಕೂತದ್ದನ್ನು ನಾನು ನೋಡಿ ಎಂಟು ವರ್ಷವಾಯಿತು.

"ಎಷ್ಟಕ್ಕ ಹೋದಲೇ ಅಂವ?" ಅಂದ.

"ಎರಡು ಕೋಟಿ ಇಪ್ಪತ್ತಮೂರು ಲಕ್ಷ. ಶಾದ್ಲೂಯಿ. ಗುಜರಾತ್ ಜೈಂಟ್ಸ್‌ನವರು ತಗೊಂಡ್ರು."

"ಇರಾನದಾಂವ? ಅಂವ ಲೆಫ್ಟ್ ಕಾರ್ನರ್ ಅಲ್ಲೇನು?"

"ಹೌದು. ರೇಡನೂ ಮಾಡ್ತಾನ."

"ಅಂತೂ ಹಿಡಿಯಾವ್ರಿಗೂ ರೊಕ್ಕಾ ಬಂತಪಾ" ಅಂತ ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಅಣ್ಣನೂ ಲೆಫ್ಟ್ ಕಾರ್ನರ್ ಆಗಿದ್ದವನು. ಅವನ ಬೆಲೆ ಎಷ್ಟು ಅಂತ ಒಂದು ಸಲ ನಾನೇ ಲೆಕ್ಕ ಹಾಕಿ ಕೊಟ್ಟಿದ್ದೆ. ನಾನೂರಾ ಐವತ್ತು ರೂಪಾಯಿ.

ಅದು 2017ರ ಮಾರ್ಚ್. ಹೋಳಿ ಹುಣ್ಣಿಮೆಗೆ ಇನ್ನೂ ವಾರವಿತ್ತು. ಸುಗ್ಗಿ ಮುಗಿದ ಮೇಲೆ ನವಲಗುಂದ ಸುತ್ತಿನ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಶುರುವಾಗುತ್ತವೆ. ನಮ್ಮದು ಎರಿ ಭೂಮಿ. ಒಣಗಿದರೆ ಕಾಲು ಸಿಗುವಷ್ಟು ಬಿರುಕು, ನೆನೆದರೆ ಕೆಸರು. ಹಾಗಾಗಿ ಅಂಕಣಕ್ಕೆ ಟ್ರ್ಯಾಕ್ಟರಿನಲ್ಲಿ ಮಸಾರಿ ಮಣ್ಣು ತಂದು ಹರಡಿ, ನೀರು ಹೊಡೆದು, ಸುಣ್ಣದ ಗೆರೆ ಎಳೆಯುತ್ತಾರೆ. ಆ ಸಲ ಮೊದಲ ಬಹುಮಾನ ಹತ್ತು ಸಾವಿರ ರೂಪಾಯಿ ಮತ್ತು ಒಂದು ಕಪ್. ಕಪ್ ಬಂದರೆ ರಾಮಲಿಂಗ ಕಾಮಣ್ಣನಿಗೆ ಕಾಯಿ ಒಡೆಸುತ್ತೇವೆ ಅಂತ ಹುಡುಗರು ಹರಕೆ ಹೊತ್ತಿದ್ದರು.

ನನಗೆ ಆಟ ಬರುತ್ತಿರಲಿಲ್ಲ. ಡಿಗ್ರಿಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ ಅನ್ನುವ ಕಾರಣಕ್ಕೆ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಬೈಲಹೊಂಗಲ ಕಡೆಯಿಂದ ಒಬ್ಬ ರೇಡರನ್ನು ಕರೆಸಿದ್ದೆವು. ಗೆದ್ದರೆ ಅವನಿಗೆ ಮೂರು ಸಾವಿರ ಅಂತ ಮೊದಲೇ ಮಾತಾಗಿತ್ತು. ಟೆಂಪೋ, ಊಟಕ್ಕೆ ಒಂದು ಸಾವಿರ. ಉಳಿಯುವ ಆರು ಸಾವಿರವನ್ನು ಹೇಗೆ ಹಂಚಬೇಕು? "ಯಾರು ಎಷ್ಟು ಪಾಯಿಂಟ್ ತರ್ತಾರೋ ಅಷ್ಟು" ಅಂತ ನಾನು ಹೇಳಿದೆ. ಎಲ್ಲರಿಗೂ ಅದು ನ್ಯಾಯ ಅನ್ನಿಸಿತು. ನನಗಂತೂ ಏನೋ ಕಂಡುಹಿಡಿದಂತೆ ಅನ್ನಿಸಿತ್ತು.

ನಾಲ್ಕು ಪಂದ್ಯ ಗೆದ್ದೆವು. ಫೈನಲ್ಲಿನಲ್ಲಿ ನಾವು ಒಂದು ಪಾಯಿಂಟ್ ಮುಂದಿದ್ದೆವು. ಕೊನೆಯ ರೇಡ್ ಎದುರಾಳಿಯದು. ಅವರ ರೇಡರ್ ಎಡಮೂಲೆಗೆ ಕಾಲು ಚಾಚಿದ. ಅಣ್ಣ ಪಾದಕ್ಕೆ ಬಿದ್ದ, ಉಳಿದವರು ಮೇಲೆ ಬಿದ್ದರು, ಸೀಟಿ ಊದಿತು. ನಾನು ಪುಸ್ತಕದಲ್ಲಿ ಅಣ್ಣನ ಹೆಸರಿನ ಮುಂದೆ ಒಂಬತ್ತನೇ ಗೆರೆ ಎಳೆದೆ. ಎಲ್ಲರೂ ಎದ್ದು ಕುಣಿದರು. ಅಣ್ಣ ಏಳಲಿಲ್ಲ.

ಆ ರಾತ್ರಿಯೇ ಲೆಕ್ಕ ಮಾಡಿದೆ. ಒಟ್ಟು 120 ಪಾಯಿಂಟ್, ಒಂದಕ್ಕೆ 50 ರೂಪಾಯಿ. ಹೊರಗಿನಿಂದ ಬಂದ ರೇಡರ್ 62 ತಂದಿದ್ದ. ಮಾತಾಡಿದ ಮೂರು ಸಾವಿರದ ಮೇಲೆ ಅವನಿಗೆ 3,100 ಹೋಯಿತು. ಉಳಿದ ಐವರಿಗೆ ಸೇರಿ 2,450. ಅಣ್ಣನಿಗೆ 450. ಮಂಡಿಗೆ ಒದ್ದೆ ಟವೆಲ್ ಸುತ್ತಿಕೊಂಡು ಟೆಂಪೋದಲ್ಲಿ ಮಲಗಿದ್ದ ಅವನ ಕೈಗೆ ಆ ದುಡ್ಡು ಇಟ್ಟೆ. ಎಣಿಸಲಿಲ್ಲ. "ಲೆಕ್ಕಾ ಛಲೋ ಮಾಡೀದಿ ತಮ್ಮಾ" ಅಂದ.

ಹುಬ್ಬಳ್ಳಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆವು. ಒಳಗೆ ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಬೇಕು ಅಂದರು. ಆ ವರ್ಷದ ಸ್ಥಿತಿಯಲ್ಲಿ ಅಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಮುಂದಿನ ಸುಗ್ಗಿಗೆ ನೋಡೋಣ ಅಂದದ್ದು ಹಾಗೇ ಹೋಯಿತು. ಈಗ ಅವನು ಟ್ರ್ಯಾಕ್ಟರ್ ಹೊಡೆಯುತ್ತಾನೆ. ಕ್ಲಚ್ ಎಡಗಾಲಿಗೇ ಇರುತ್ತದಲ್ಲ, ಹೊಲದಿಂದ ಬಂದ ಸಂಜೆ ಮಂಡಿ ಊದಿರುತ್ತದೆ.

ಪ್ರೊ ಕಬಡ್ಡಿಯ ಹರಾಜಿನ ಬೆಲೆಗಳನ್ನು ನಾನು ಇಷ್ಟು ಮುತುವರ್ಜಿಯಿಂದ ಬರೆದಿಟ್ಟುಕೊಳ್ಳುವುದಕ್ಕೆ ಈ 450 ರೂಪಾಯಿಯೇ ಕಾರಣವಿರಬೇಕು. ಬೆಲೆ ಹೇಗೆ ಹುಟ್ಟುತ್ತದೆ ಎಂಬುದೇ ಈಗ ನನ್ನ ಸಂಶೋಧನೆಯ ವಿಷಯ. ಆದರೆ ಅಲ್ಲಿ ನಾನು ನೋಡುವುದು ಹೆಸರು, ಕಡಲೆ, ಹತ್ತಿಯ ಬೆಲೆ.

2014ರಲ್ಲಿ ಲೀಗ್ ಶುರುವಾದಾಗ ಅತಿ ಹೆಚ್ಚು ಬೆಲೆ ಸಿಕ್ಕದ್ದು ರಾಕೇಶ್ ಕುಮಾರ್‌ಗೆ, 12.80 ಲಕ್ಷ. ನಾಲ್ಕೇ ವರ್ಷದಲ್ಲಿ, 2018ರ ಹರಾಜಿನಲ್ಲಿ, ಆರು ಮಂದಿ ಕೋಟಿ ಮುಟ್ಟಿದರು. ಅವರಲ್ಲಿ ಹಿಡಿಯುವವನೆಂದು ಹೆಸರಾದವನು ಒಬ್ಬನೇ, ಇರಾನಿನ ಫಜಲ್ ಅತ್ರಾಚಲಿ. ಎಲ್ಲರಿಗಿಂತ ಮೇಲೆ ಹೋದವನು ರೇಡರ್ ಮೋನು ಗೋಯತ್, 1.51 ಕೋಟಿ. ಅದೇ ವರ್ಷ ಬೆಂಗಳೂರು ಬುಲ್ಸ್ ಸೇರಿದ ಪವನ್ ಸೆಹ್ರಾವತ್ ಬೆಲೆ ಅದರ ಅರ್ಧವೂ ಇರಲಿಲ್ಲ. ಆ ಪವನ್ 270ಕ್ಕೂ ಹೆಚ್ಚು ರೇಡ್ ಪಾಯಿಂಟ್ ತಂದ. 2019ರ ಜನವರಿ 5ರ ಫೈನಲ್ಲಿನಲ್ಲಿ ಒಬ್ಬನೇ 22 ಪಾಯಿಂಟ್ ಗಳಿಸಿದ. ಗುಜರಾತನ್ನು 38–33ರಲ್ಲಿ ಸೋಲಿಸಿ ಬುಲ್ಸ್ ಮೊದಲ ಸಲ ಕಪ್ ಎತ್ತಿತು. ಅವತ್ತು ನಮ್ಮೂರಲ್ಲಿ ಪಟಾಕಿ ಹೊಡೆದದ್ದು ನನಗೆ ನೆನಪಿದೆ.

ಪವನ್ ಮತ್ತು ಪ್ರದೀಪ್ ನರ್ವಾಲ್ ಪೈಕಿ ಯಾರು ದೊಡ್ಡ ರೇಡರ್ ಎಂಬ ಜಗಳ ನಮ್ಮ ಕಟ್ಟೆಯ ಮೇಲೆ ಎಷ್ಟೋ ರಾತ್ರಿ ನಡೆದಿದೆ. ಪ್ರದೀಪ್ 2017ರಲ್ಲಿ ಪಟ್ನಾ ಪೈರೇಟ್ಸ್‌ಗೆ ಒಂದೇ ಸೀಸನ್ನಿನಲ್ಲಿ 369 ರೇಡ್ ಪಾಯಿಂಟ್ ತಂದವನು. ಬಗ್ಗಿ, ಹಿಡಿದವರ ಕೈಕೆಳಗಿನಿಂದಲೇ ಮುಳುಗಿ ಗೆರೆ ಮುಟ್ಟುತ್ತಿದ್ದ. ಅವನು 2021ರಲ್ಲಿ ಹರಾಜಿಗೆ ಬಂದಾಗ ಯುಪಿ ಯೋಧಾ 1.65 ಕೋಟಿ ಕೊಟ್ಟಿತು. ಅದು ಅಲ್ಲಿಯವರೆಗಿನ ದಾಖಲೆ. ಆ ಸೀಸನ್ನಿನಲ್ಲಿ ಅವನು 190 ಪಾಯಿಂಟ್ ಮುಟ್ಟಲಿಲ್ಲ. ನಮ್ಮೂರಿನ ಐವತ್ತು ರೂಪಾಯಿ ಲೆಕ್ಕದಲ್ಲಿ ನೋಡಿದರೆ ಒಂದು ಪಾಯಿಂಟಿಗೆ 86 ಸಾವಿರಕ್ಕೂ ಮೇಲೆ ಬಿತ್ತು. ಕೊಟ್ಟ ದುಡ್ಡು 2017ರ ಪ್ರದೀಪನಿಗೆ, ಆಡಲು ಬಂದವನು 2021ರ ಪ್ರದೀಪ. 2024ರಲ್ಲಿ ಅವನು ನಮ್ಮ ಬುಲ್ಸ್‌ಗೆ 70 ಲಕ್ಷಕ್ಕೆ ಬಂದ. 2025ರ ಹರಾಜಿನಲ್ಲಿ ಅವನನ್ನು ಯಾರೂ ಕೇಳಲಿಲ್ಲ. ಲೀಗಿನ ಇತಿಹಾಸದಲ್ಲಿ 1,800ಕ್ಕೂ ಹೆಚ್ಚು ರೇಡ್ ಪಾಯಿಂಟ್ ಇದ್ದ ಆಟಗಾರ ಅದೇ ಜೂನಿನಲ್ಲಿ ವಿದಾಯ ಹೇಳಿದ.

ಪವನ್‌ನ ಕತೆ ಬೇರೆ. 2022ರಲ್ಲಿ ತಮಿಳ್ ತಲೈವಾಸ್ ಅವನಿಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ, ಎದುರಾಳಿ ರೇಡರನ್ನು ಹಿಡಿಯಲು ಹೋಗಿ ಮಂಡಿ ಪೆಟ್ಟು ಮಾಡಿಕೊಂಡ. ಸೀಸನ್ ಅಲ್ಲಿಗೇ ಮುಗಿಯಿತು. ಆ ದೃಶ್ಯ ನೋಡಿದಾಗ ನಾನು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದೆ. ಫೋನ್ ಬಂತು. "ನೋಡಿದೇನಲೇ? ಹಿಡಿಯಾಕ ಹೋಗಿ ಹ್ವಾದ" ಅಂದ ಅಣ್ಣ. ಮುಂದೆ ಇಬ್ಬರೂ ಮಾತಾಡಲಿಲ್ಲ. ಪವನ್ ಇಲ್ಲದ ಆ ತಂಡ ಅದೇ ವರ್ಷ ಮೊದಲ ಸಲ ಸೆಮಿಫೈನಲ್ ತಲುಪಿತು. ಪವನ್‌ಗೆ ಚಿಕಿತ್ಸೆಯಾಯಿತು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ನಾಯಕನಾಗಿ ಚಿನ್ನ ಗೆದ್ದ, ಹರಾಜಿನಲ್ಲಿ ತೆಲುಗು ಟೈಟನ್ಸ್ ಅವನಿಗೆ 2.605 ಕೋಟಿ ಕೊಟ್ಟಿತು. ಆ ಸೀಸನ್ನಿನಲ್ಲಿ ಅವನು 200ಕ್ಕೂ ಹೆಚ್ಚು ಪಾಯಿಂಟ್ ತಂದರೂ ಟೈಟನ್ಸ್ ಪಟ್ಟಿಯ ಕೊನೆಯಲ್ಲಿ ನಿಂತಿತು.

ಒಂದೇ ಆಟ, ಒಂದೇ ಬಗೆಯ ಪೆಟ್ಟು. ಒಬ್ಬನ ಬೆಲೆ ಏರಿತು, ಇನ್ನೊಬ್ಬನ ಆಟ ಮುಗಿಯಿತು. ಇದನ್ನು ನಾನು ಪವನ್ ಮೇಲಿನ ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಆ ಮಂಡಿಯ ಹಿಂದೆ ಒಂದು ಕರಾರು ಇತ್ತು, ಸರಿಯಾದ ಸಮಯಕ್ಕೆ ಸರಿಯಾದ ಚಿಕಿತ್ಸೆ ಇತ್ತು. ನಮ್ಮ ಹಂಚಿಕೆಯಲ್ಲಿ ಪೆಟ್ಟಾದವನಿಗೆ ಎಂಬ ಒಂದು ಸಾಲು ಬರೆಯುವುದು ನನಗೆ ಹೊಳೆಯಲೇ ಇಲ್ಲ.

ಇನ್ನೊಂದೂ ಹೊಳೆದಿರಲಿಲ್ಲ. ರೇಡಿಗೆ ಹೋದವನು ಮೂವರನ್ನು ಮುಟ್ಟಿ ಬಂದರೆ ಮೂರು ಪಾಯಿಂಟ್, ಮೂರೂ ಅವನವೇ. ನಾಲ್ವರು ಸೇರಿ ಒಬ್ಬ ರೇಡರನ್ನು ಹಿಡಿದರೆ ಸಿಗುವುದು ಒಂದು ಪಾಯಿಂಟ್. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಇದ್ದರಷ್ಟೇ ಸೂಪರ್ ಟ್ಯಾಕಲ್ ಅಂತ ಎರಡು. ಅದೂ ಪಟ್ಟಿಯಲ್ಲಿ ಒಬ್ಬನ ಹೆಸರಿಗೆ ಬೀಳುತ್ತದೆ. ಕಾರ್ನರ್ ಕಾಲು ಹಿಡಿಯಲಿ ಅಂತ ರೇಡರನ್ನು ಆ ಕಡೆ ತಳ್ಳಿದವನು, ಚೈನ್ ಬಿಡದೆ ನಿಂತವನು, ಇವರು ಪಟ್ಟಿಯಲ್ಲಿ ಇರುವುದೇ ಇಲ್ಲ. ಪಾಯಿಂಟಿಗೆ ಇಷ್ಟು ಅಂತ ಹಂಚಲು ಹೊರಟ ಕ್ಷಣವೇ ನಾನು ಹಿಡಿಯುವವರ ಪಾಲು ಕಡಿಮೆ ಮಾಡಿದ್ದೆ. ದೊಡ್ಡ ಲೀಗಿಗೂ ಇದು ಅರ್ಥವಾಗಲು ಸಮಯ ಹಿಡಿಯಿತು. 2024ರಲ್ಲಿ ಸುನಿಲ್ ಕುಮಾರ್ 1.015 ಕೋಟಿಗೆ ಯು ಮುಂಬಾ ಸೇರಿದಾಗ ಭಾರತದ ಡಿಫೆಂಡರ್‌ಗೆ ಸಿಕ್ಕ ಅತಿ ದೊಡ್ಡ ಬೆಲೆ ಅಂತ ಸುದ್ದಿಯಾಯಿತು. 2025ರಲ್ಲಿ ಬುಲ್ಸ್ ಯೋಗೇಶ್ ದಹಿಯಾಗೆ 1.125 ಕೋಟಿ ಕೊಟ್ಟಿತು. ಆಗ ಬುಲ್ಸ್ ಕೋಚ್ ಆಗಿದ್ದವರು ನಮ್ಮ ರಾಜ್ಯದವರೇ ಆದ ಬಿ.ಸಿ. ರಮೇಶ್.

2025ರ ಹರಾಜಿನಲ್ಲಿ ಒಂದು ತಂಡದ ಕೈಯಲ್ಲಿ ಇದ್ದದ್ದು ಒಟ್ಟು ಐದು ಕೋಟಿ. ಒಬ್ಬನಿಗೆ 2.23 ಕೋಟಿ ಹೋದರೆ ಮಿಕ್ಕ ಹದಿನೇಳು ಹದಿನೆಂಟು ಜನರನ್ನು ಉಳಿದ 2.77 ಕೋಟಿಯಲ್ಲಿ ಕಟ್ಟಬೇಕು. ನನ್ನ ಆರು ಸಾವಿರದ ಹಂಚಿಕೆಯಂತೆಯೇ. ಹೆಸರು ಕಾಳಿನ ಚೀಲಕ್ಕೆ ವ್ಯಾಪಾರಿ ಕೈ ಹಾಕಿ, ಹಿಡಿ ತೆಗೆದು, ಊದಿ ನೋಡಿ ಸವಾಲು ಕೂಗುತ್ತಾನೆ. ಆಗ ಅಪ್ಪ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾರೆ. ಮೊಬೈಲಿನಲ್ಲಿ ಹರಾಜು ನೋಡುವಾಗ ನನಗೆ ಕೂಗುವವರಿಗಿಂತ ಹಾಗೆ ಎಲ್ಲೋ ಸುಮ್ಮನೆ ಕೂತಿರುವವರೇ ನೆನಪಾಗುತ್ತಾರೆ.

ಅವತ್ತು ಸಂಜೆ ನಾನು ಒಳಗೆ ಹೋಗಿ ಟ್ರಂಕಿನಿಂದ ಆ ಹಳೆಯ ಪುಸ್ತಕ ತಂದೆ. ಎಂಟು ವರ್ಷದಿಂದ ಅನ್ನಬೇಕೆಂದಿದ್ದ ಮಾತು ಅಂದೆ. "ಅಣ್ಣಾ, ಅವತ್ತಿನ ಲೆಕ್ಕಾ ತಪ್ಪಿತ್ತು."

ಅವನು ಪುಸ್ತಕ ತೆಗೆದುಕೊಂಡು ದೂರ ಹಿಡಿದು ನೋಡಿದ. ತನ್ನ ಹೆಸರಿನ ಮುಂದಿನ ಒಂಬತ್ತು ಗೆರೆಗಳ ಮೇಲೆ ಬೆರಳು ಇಟ್ಟು ಒಂದೊಂದಾಗಿ ಪಂದ್ಯ ನೆನಪು ಮಾಡಿಕೊಂಡ. ಕೊನೆಯ ಗೆರೆಗೆ ಬಂದು ನಿಂತ.

"ಹೌದು, ತಪ್ಪೈತಿ. ಇದು ನಂದಲ್ಲ."

"ಫೈನಲ್‌ದಾಗಿಂದಣ್ಣಾ ಅದು. ನೀ ಕಾಲ ಹಿಡದಿದ್ದೆಲ್ಲ."

"ಹಿಡದಿದ್ದೆ. ಅಂವ ಬಿಡಿಸಿಕೊಂಡಿದ್ದ. ಕವರ್‌ದಾಗ ಇದ್ದ ಸಣ್ಣ ಹುಡುಗ ಡ್ಯಾಶ್ ಹೊಡದು ಕೆಡವಿದ. ನಾ ಅಷ್ಟೊತ್ತಿಗೆ ನೆಲಕ್ಕಿದ್ನಿ. ನೀ ಎಲ್ಲಿ ನೋಡತಿದ್ದಿ?"

ನಾನು ಗೆರೆ ಎಳೆಯುವುದರಲ್ಲಿದ್ದೆ.

"ಅವನ ಹೆಸರಿಗೆ ಹಚ್ಚಿಬಿಡು" ಅಂತ ಪುಸ್ತಕ ನನ್ನ ಕೈಗೆ ಕೊಟ್ಟ. ಗೋಡೆ ಹಿಡಿದು ಎದ್ದು, ಬೆಳಿಗ್ಗೆ ಬಿತ್ತಿಗೆಗೆ ಕೂರಿಗೆ ನೋಡಬೇಕು ಅಂತ ಹಿತ್ತಲ ಕಡೆ ಹೋದ. ಪೆನ್ನು ತಂದು ಒಂಬತ್ತನ್ನು ಎಂಟು ಮಾಡಿದೆ. ಆ ಹುಡುಗನ ಹೆಸರು ಹುಡುಕಲು ಹಿಂದಿನ ಹಾಳೆಗೆ ಹೋಗಬೇಕಾಯಿತು. ಅವನ ಮುಂದೆ ಆ ರಾತ್ರಿ ನಾನು ಒಂದೂ ಗೆರೆ ಎಳೆದಿರಲಿಲ್ಲ.