ಒಂದನೇ ನಂಬರು ಭದ್ರಾವತಿ

ಕಂಪ್ಯೂಟರಿಗೆ ಎರಡು ಪರದೆ ಜೋಡಿಸಿಕೊಂಡರೆ ಕೆಲಸ ಅರ್ಧಕ್ಕರ್ಧ ಹಗುರ ಎನ್ನುವವರೆಲ್ಲ ಕುತ್ತಿಗೆಯ ವಿಷಯವನ್ನು ಮುಚ್ಚಿಡುತ್ತಾರೆ. ನನ್ನದು ಶಿವಮೊಗ್ಗದ ಮನೆಯಲ್ಲೇ ಕೂತು ಪ್ರೂಫ್ ತಿದ್ದುವ ಕಸುಬು. ಲೇಖಕರ ಮೂಲಪ್ರತಿ ಒಂದು ಕಣ್ಣಿಗೆ, ಅಚ್ಚಿಗೆ ಹೊರಟ ಪುಟ ಇನ್ನೊಂದು ಕಣ್ಣಿಗೆ ಬೀಳುತ್ತಿರಬೇಕು. ಬಹಳ ಕಾಲ ಒಂದನ್ನು ಪ್ರಿಂಟ್ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಕಾಗದವೂ ಶಾಯಿಯೂ ಪೈಪೋಟಿಯ ಮೇಲೆ ದುಬಾರಿಯಾದಾಗ ಎರಡನೇ ಪರದೆಯ ಆಸೆ ಹುಟ್ಟಿತು. ಅದನ್ನು ಪೂರೈಸಿದವರು ಭದ್ರಾವತಿಯ ಸೋದರಮಾವ. ಅವರೋ, ದುಡಿದಷ್ಟು ಕಾಲವೂ ಕಾಗದ ಮಾಡಿದವರು.

ಮಾವ ಎಂಪಿಎಂನಿಂದ, ಅಂದರೆ ಮೈಸೂರು ಕಾಗದ ಕಾರ್ಖಾನೆಯಿಂದ, ನಿವೃತ್ತರಾದವರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಹುಟ್ಟಿದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಬಿದಿರು, ನೀಲಗಿರಿ, ಕಬ್ಬಿನ ಸಿಪ್ಪೆ ಬೇಯುತ್ತಿದ್ದ ಕಾಲದಲ್ಲಿ ಗಾಳಿ ಇತ್ತ ತಿರುಗಿತೆಂದರೆ ಅತ್ತೆ ದಡಬಡ ಕಿಟಕಿ ಮುಚ್ಚಿ ಕಾರ್ಖಾನೆಗೆ ಶಾಪ ಹಾಕುತ್ತಿದ್ದರು. ಈಗ ಕಿಟಕಿ ತೆರೆದಿಟ್ಟು, "ಗಾಳೀಲಿ ಎಂಥದೂ ಇಲ್ಲ ನೋಡು" ಎಂದು ಕೊರಗುತ್ತಾರೆ. ಮಾವ ಇಂದಿಗೂ ಬೆಳಗಿನ ಪಾಳಿಗೆ ಹೊರಡುವವರಂತೆ ಕತ್ತಲಲ್ಲೇ ಎದ್ದು, ಶೇವ್ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಜಗಲಿಯಲ್ಲಿ ಕೂರುತ್ತಾರೆ. ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಹದಿನೇಳು ಇಂಚಿನ ಚೌಕ ಮಾನಿಟರು ಅವರ ಅಟ್ಟದಲ್ಲಿತ್ತು. ಅದನ್ನು ಹಳೇ ಪಂಚೆಯಲ್ಲಿ ಸುತ್ತಿ ನನ್ನ ಕೈಗಿಡುವಾಗ ಕೇಳಿದರು: "ಇದು ಬಂದ್ರೆ ನೀನು ಕಾಗದ ತಗೊಳೋದೇ ಇಲ್ವಲ್ಲೋ?" ಉತ್ತರ ಹೊಳೆಯಲಿಲ್ಲ. ಶಿವಮೊಗ್ಗದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದ ಸೀಟಿನ ಅಜ್ಜಿ ಪಂಚೆಯ ಆಕಾರ ನೋಡಿ, ದೇವರ ಪಟವಿರಬೇಕೆಂದು ಕಾಲು ಹಿಂದಕ್ಕೆಳೆದುಕೊಂಡರು.

ಮಾನಿಟರಿಗಿದ್ದದ್ದು ನೀಲಿ ಮೂತಿಯ ವಿಜಿಎ ಕಿಂಡಿ. ಹದಿನೈದು ಪಿನ್ನಿನ ಈ ಕಿಂಡಿ 1987ರಲ್ಲಿ ಐಬಿಎಂ ಕಂಪ್ಯೂಟರುಗಳ ಜೊತೆ ಲೋಕಕ್ಕೆ ಬಂದದ್ದು. ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಬರೀ ಎಚ್‌ಡಿಎಂಐ. ಒಂದು ತುದಿ ಇದಕ್ಕೆ, ಇನ್ನೊಂದು ತುದಿ ಅದಕ್ಕೆ ಹೊಂದುವ ಕೇಬಲ್ಲನ್ನು ಅಂಗಡಿಯಾತ ನಗುನಗುತ್ತಾ ಕೊಟ್ಟ. ಎರಡೂ ತುದಿ ಲಕ್ಷಣವಾಗಿ ಕೂತವು. ಪರದೆಯ ಮೇಲೆ ಮಾತ್ರ "ನೋ ಸಿಗ್ನಲ್" ಎಂಬ ಪೆಟ್ಟಿಗೆ ಮೂಲೆಯಿಂದ ಮೂಲೆಗೆ ತೇಲಾಡಿ, ಬೇಸರ ಬಂದಂತೆ ಆರಿಹೋಯಿತು. ಬಿಚ್ಚಿ ಸಿಕ್ಕಿಸಿದೆ, ಡ್ರೈವರ್ ಹೊಸದು ಮಾಡಿದೆ, ವಿಂಡೋಸ್ ಕೀಲಿಯೊಂದಿಗೆ ಪಿ ಒತ್ತಿ "ಎಕ್ಸ್‌ಟೆಂಡ್" ಅಂದೆ. ಪರದೆ ಮೌನವ್ರತ ಮುರಿಯಲಿಲ್ಲ.

ರೋಗ ಕಂಡುಹಿಡಿದವರು ಮಾವನೇ, ಅದೂ ಫೋನಿನಲ್ಲಿ. ಎಚ್‌ಡಿಎಂಐಯಲ್ಲಿ ಹರಿಯುವುದು ಡಿಜಿಟಲ್ ಸಂಕೇತ, ವಿಜಿಎಗೆ ಬೇಕಾದದ್ದು ಅನಲಾಗ್ ಎಂದು ನಾನು ಎಲ್ಲೋ ಓದಿದ್ದನ್ನು ಒಪ್ಪಿಸಿದೆ. "ಹಂಗಾದ್ರೆ ಬರೀ ತಂತಿ ಎಳೆದ್ರೆ ಆಗತ್ತೇನೋ ಮಾರಾಯ? ಈ ಕಡೆಯಿಂದ ಬಿದಿರು ತುರುಕಿದ್ರೆ ಆ ಕಡೆ ಕಾಗದ ಬರತ್ತಾ? ಮಧ್ಯೆ ಒಂದು ಮಷೀನ್ ಬೇಕಲ್ಲ!" ಬೇಕಿತ್ತು. ಆ ಮಷೀನು ಬೆಂಕಿಪೊಟ್ಟಣದಷ್ಟಿರುವ ಕನ್ವರ್ಟರು, ಒಳಗೊಂದು ಚಿಪ್ಪು. ಅದನ್ನು ತಂದು ಸಿಕ್ಕಿಸಿದ್ದೇ ತಡ, ಚೌಕ ಪರದೆ ಕಣ್ಣು ಬಿಟ್ಟಿತು.

ಇನ್ನು ಹೊಂದಾಣಿಕೆ. ಮೇಜಿನ ಮೇಲೆ ಎರಡೂ ಪರದೆಗಳ ಎತ್ತರ ಹೆಚ್ಚುಕಡಿಮೆ ಸಮ. ಆದರೆ ಕಂಪ್ಯೂಟರು ಅಡಿಪಟ್ಟಿ ಹಿಡಿಯುವುದಿಲ್ಲ, ಗೆರೆ ಎಣಿಸುತ್ತದೆ. ಹೊಸದರಲ್ಲಿ 1080 ಗೆರೆ, ಹಳೆಯದರಲ್ಲಿ 1024. ತಲೆಗೆ ತಲೆ ಸರಿಮಾಡಿದರೆ ಕೆಳಗಿನ 56 ಗೆರೆಗಳ ಜಾಗದಲ್ಲಿ ಕಾಣದ ಗೋಡೆಯೊಂದು ಏಳುತ್ತದೆ. ಬಾಣ ಅಲ್ಲಿಗೆ ಬಂದು ಮುಖ ಹೊಡೆದುಕೊಂಡು ನಿಲ್ಲುತ್ತದೆ; ಸ್ವಲ್ಪ ಮೇಲಕ್ಕೆತ್ತಿ ದಾಟಿಸಬೇಕು. ಅಡಿಟಿಪ್ಪಣಿಗಳನ್ನು ತಿದ್ದುವವನಿಗೆ ಬಾಣ ಸದಾ ತಳದಲ್ಲೇ ಇರುತ್ತದೆ ಎಂಬುದು ಇದನ್ನು ರೂಪಿಸಿದ ಪುಣ್ಯಾತ್ಮರಿಗೆ ಹೊಳೆದಿರಲಿಕ್ಕಿಲ್ಲ.

ಯಾವ ಪರದೆಗೆ ಯಾವ ಸಂಖ್ಯೆ ಎಂದು ನೋಡಲು "ಐಡೆಂಟಿಫೈ" ಒತ್ತಿದೆ. ಅಟ್ಟದಿಂದಿಳಿದ ಪರದೆಯ ಮೇಲೆ ದೊಡ್ಡದಾಗಿ 1, ನನ್ನ ಹೊಸದರ ಮೇಲೆ 2. ಮಾವನಿಗೆ ಫೋಟೋ ಕಳಿಸಿದೆ. "ಸರಿಯಾಗೇ ಇದೆ. 1923ರಲ್ಲಿ ವಿಶ್ವೇಶ್ವರಯ್ಯನೋರ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು ನಮ್ಮಲ್ಲಿ. ನಿಮ್ಮಲ್ಲಿ ಆಗ ಎಂಥ ಇತ್ತು?" ಜಿಲ್ಲಾ ಕೇಂದ್ರ ಇತ್ತು ಎಂದೆ. ಅದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಮೊಮ್ಮಗನಿಗೆ ಬೇಕೆಂದು ಮಾನಿಟರು ಅದೇ ಪಂಚೆಯಲ್ಲಿ ಭದ್ರಾವತಿಗೆ ವಾಪಸಾಯಿತು. ಮರುದಿನ ನಿಘಂಟಿನ ಹಳೆಯ ತಂತ್ರಾಂಶ ತೆರೆದರೆ ಅದು ಕಾಣಲೇ ಇಲ್ಲ. ಕೆಳಗಿನ ಪಟ್ಟಿಯಲ್ಲಿ ಗುರುತು ಇದೆ, ಕಿಟಕಿ ಇಲ್ಲ. ಇಂಥ ಕೆಲವು ತಂತ್ರಾಂಶಗಳು ಹಿಂದಿನ ಸಲ ತಾವಿದ್ದ ಜಾಗವನ್ನು ನೆನಪಿಟ್ಟುಕೊಂಡು, ಪರದೆಯೇ ಇಲ್ಲದ ಕಡೆ ಹೋಗಿ ನಿಷ್ಠೆಯಿಂದ ತೆರೆದುಕೊಳ್ಳುತ್ತವಂತೆ. ಆಲ್ಟ್ ಜೊತೆ ಸ್ಪೇಸ್, ಆಮೇಲೆ ಎಂ, ಆಮೇಲೆ ಬಾಣದ ಕೀಲಿ ಅದುಮಿ ಹಿಡಿದರೆ ಮೆಲ್ಲಗೆ ಒಳಗೆ ಸರಿದು ಬರುತ್ತವೆ.

ಇದನ್ನು ಮಾವನಿಗೆ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಎಷ್ಟು ಹೊತ್ತು ಒತ್ತಿ ಹಿಡಿಬೇಕು?" ಎಂದರು.

"ಕಾಣೋ ತನಕ."

"ಹ್ಞೂಂ. ಆ ಕನ್ವರ್ಟರಿಗೆ ಎಷ್ಟು ಕೊಟ್ಟೆ?"

ಹೇಳಿದೆ.

"ಭದ್ರಾವತೀಲಿ ಐವತ್ತು ರೂಪಾಯಿ ಕಮ್ಮಿಗೆ ಸಿಕ್ತಿತ್ತು."