ಎರಡು ಚೀಲ ಜೋಳ

ನಮ್ಮ ಬಳಗಾನೂರಿನ ಕಡೆ ಯಾರಾದರೂ ಇದ್ದಕ್ಕಿದ್ದಂತೆ ಮನೆ ಕಟ್ಟಿಸಿದರೆ ಜನ ಬ್ಯಾಂಕಿನ ಸಾಲವನ್ನು ನೆನೆಯುವುದಿಲ್ಲ. ‘ಹೊಲದಾಗ ಏನರ ಸಿಕ್ಕಿರಬೇಕು’ ಎನ್ನುತ್ತಾರೆ. ನಮ್ಮ ಮನೆಯ ಮಟ್ಟಿಗೆ ಈ ಮಾತು ಪೂರ್ತಿ ಸುಳ್ಳಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆಂದು ಎರೆಹೊಲಗಳನ್ನು ಸಮ ಮಾಡುತ್ತಿದ್ದ ಕಾಲ. ಜೋಳ, ಹತ್ತಿಯ ನೆಲಕ್ಕೆ ಭತ್ತದ ಆಸೆ ಹುಟ್ಟಿತ್ತು. ನಮ್ಮ ಹೊಲದ ದಿಬ್ಬ ಕಡಿಯುತ್ತಿದ್ದ ಆಳಿನ ಸಲಿಕೆಗೆ ಮಣ್ಣಿನ ಕುಡಿಕೆಯೊಂದು ತಗಲಿತು. ಒಳಗೆ ಅಂಗಿಗುಂಡಿಯಷ್ಟಗಲದ ಬಂಗಾರದ ಬಿಲ್ಲೆಗಳು. ಅವನು ಅವನ್ನು ರುಮಾಲಿನಲ್ಲಿ ಕಟ್ಟಿಕೊಂಡು ಸೀದಾ ಅಜ್ಜನ ಕೈಗೆ ತಂದುಕೊಟ್ಟ. ಅಜ್ಜ ಅವನಿಗೆ ಎರಡು ಚೀಲ ಜೋಳ ಕೊಟ್ಟು, ‘ಯಾರ ಮುಂದೂ ಬಾಯಿ ಬಿಡಬ್ಯಾಡ’ ಎಂದ. ತಿಂಗಳೊಳಗೆ ಬಿಲ್ಲೆಗಳು ಪತ್ತಾರನ ಮೂಸೆಯಲ್ಲಿ ಕರಗಿ ಅಜ್ಜಿಯ ಬೆಂಡೋಲೆಯಾದವು. ಉಳಿದದ್ದು ಒಂದು ಜೋಡಿ ಎತ್ತಾಯಿತು.

ಅವುಗಳ ಮೇಲೆ ಏನಿತ್ತೆಂದು ಅಜ್ಜಿಯನ್ನು ಒಮ್ಮೆ ಕೇಳಿದ್ದೆ. ‘ಗಂಡ ಹೆಂಡ್ತಿ ಕುಂತಂಗಿತ್ತಪ್ಪ. ಹಿಂದ ಏನೋ ಬರದಿದ್ರು. ನನಗೇನು ಓದಾಕ ಬರ್ತಿತ್ತೇನು?’ ಎಂದಿದ್ದಳು.

ಎಷ್ಟೋ ವರ್ಷಗಳ ಮೇಲೆ ಹಂಪಿಗೆ ಹೋದಾಗ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳ ಮುಂದೆ ನಿಂತೆ. ಅಜ್ಜಿಯ ‘ಗಂಡ ಹೆಂಡ್ತಿ’ ಉಮಾಮಹೇಶ್ವರರೇ ಇರಬೇಕು. ಹಿಂದೆ ನಾಗರಿಯಲ್ಲಿ ‘ಶ್ರೀ ಪ್ರತಾಪ ಹರಿಹರ’ ಎಂದಿದ್ದರೆ ಅದು 1377ರಿಂದ 1404ರವರೆಗೆ ಆಳಿದ ಇಮ್ಮಡಿ ಹರಿಹರನದು; ದೇವರಾಯನ ಹೆಸರಿದ್ದರೆ ಆಮೇಲಿನದು. ನಮ್ಮ ದೋಆಬಿನ ಸೀಮೆಗಾಗಿ ವಿಜಯನಗರದವರೂ ಬಹಮನಿಯವರೂ ಪದೇ ಪದೇ ಕಾದಾಡಿದವರು. ಯಾವ ದಂಡಿಗೆ ಹೆದರಿ ಯಾವ ಪುಣ್ಯಾತ್ಮ ಆ ಕುಡಿಕೆ ಹೂತನೋ, ಅದನ್ನು ಹೇಳಬಲ್ಲ ನಾಲ್ಕಕ್ಷರವನ್ನು ನಾವು ಕಿವಿಗೆ ಹಾಕಿಕೊಂಡೆವು.

ಹತ್ತಿರದ ಮಸ್ಕಿಯ ಬಂಡೆಯ ಅದೃಷ್ಟ ಬೇರೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಬಂಗಾರ ಹುಡುಕುತ್ತ ಬಂದು ಅಕ್ಷರ ಕಂಡ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಬರೀ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಿದ್ದವನು ಇಲ್ಲಿ ಅಶೋಕನೆಂದು ಹೆಸರು ಹೇಳಿಕೊಂಡಿದ್ದ. ಬಂಡೆ ಮೂಸೆಯಲ್ಲಿ ಹಿಡಿಸುವುದಿಲ್ಲವಲ್ಲ, ಉಳಿಯಿತು!

ಅಕ್ಷರದ ಮಾತು ಹೀಗಾದರೆ ಪಾಲಿನ ಮಾತು ಇನ್ನೊಂದು. ಬ್ರಿಟಿಷರು 1878ರಲ್ಲಿ ಮಾಡಿದ ನಿಧಿ ಕಾಯ್ದೆಯನ್ನು ಓದಿದೆ. ಹತ್ತು ರೂಪಾಯಿಗೆ ಮೀರಿದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಹೂತವರ ವಾರಸುದಾರರಿಲ್ಲದೆ, ಬೇರೆ ಒಪ್ಪಂದವೂ ಇಲ್ಲದಿದ್ದರೆ ಮುಕ್ಕಾಲು ಪಾಲು ಕಂಡವನಿಗೆ, ಕಾಲು ಪಾಲು ನೆಲದವನಿಗೆ. ಮುಕ್ಕಾಲು ಪಾಲು! ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಂಡೋಲೆ ಆಗಲೇ ನನ್ನ ಹೆಂಡತಿಯ ಪಾಲಿಗೆ ಬಂದಿತ್ತು.

ಆ ಆಳು ತೀರಿಹೋಗಿ ಬಹಳ ದಿನವಾಗಿತ್ತು. ಮಗನಿದ್ದಾನೆ, ಕಾಲುವೆಯ ನೀರು ಮುಟ್ಟದ ಕೆಳಭಾಗದಲ್ಲಿ ಎರಡೆಕರೆ ಲಾವಣಿ ಮಾಡುತ್ತಾನೆ. ಒಂದು ಸಂಜೆ ಹೋಗಿ ಅವನ ಕಟ್ಟೆಯ ಮೇಲೆ ಕೂತು, ತಡವರಿಸುತ್ತ ಎಲ್ಲ ಹೇಳಿದೆ. ಕಾಯ್ದೆಯ ಲೆಕ್ಕವನ್ನೂ ಬಿಡಲಿಲ್ಲ. ಅವನು ಬೀಡಿ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

‘ಗೊತ್ತೈತ್ರಿ. ನಮ್ಮಪ್ಪ ಹೇಳ್ತಿದ್ದ. ಆ ಜೋಳ ಭಾಳ ಚಲೋ ಇದ್ದುವಂತ.’