ಮಂಗಳದವರು ಇಳಿದ ಬಯಲು

ಲಂಡನ್ನಿನ ವಾಟರ್ಲೂ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ವೋಕಿಂಗ್ ಬರುತ್ತದೆ. ಸರ್ರೆ ಪ್ರಾಂತ್ಯದ ಈ ಪಟ್ಟಣಕ್ಕೆ ಕೋಟೆಯ ಹೆಸರಿಲ್ಲ, ಅರಮನೆಯ ವೈಭವವಿಲ್ಲ. ಬೆಳಿಗ್ಗೆ ಲಂಡನ್ನಿಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಮರಳುವವರೇ ಇಲ್ಲಿ ಹೆಚ್ಚು. ಆದರೂ ಪೇಟೆಯ ನಡುವೆ ಬಂದ ಹೊಸಬರು ಒಂದು ಕ್ಷಣ ನಿಂತು ತಲೆಯೆತ್ತಿ ನೋಡುತ್ತಾರೆ. ಮೂರು ನೀಳ ಕಾಲುಗಳ, ಏಳು ಮೀಟರ್ ಎತ್ತರದ ಲೋಹದ ಯಂತ್ರವೊಂದು ಅಲ್ಲಿ ಮುಂದಿನ ಹೆಜ್ಜೆಗೆ ಅಣಿಯಾದಂತೆ ನಿಂತಿದೆ. ಶಿಲ್ಪಿ ಮೈಕೇಲ್ ಕಾಂಡ್ರನ್ ನಿರ್ಮಿಸಿದ ಈ ‘ಮಂಗಳ ಜೀವಿ’ ಇಲ್ಲಿಗೆ ಬಂದದ್ದು 1998ರಲ್ಲಿ. ಎಚ್.ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿ ಪುಸ್ತಕವಾಗಿ ಹೊರಬಂದು ಆ ವರ್ಷಕ್ಕೆ ಸರಿಯಾಗಿ ನೂರು ವರ್ಷ ತುಂಬಿತ್ತು.

ಆಕಾಶದಿಂದ ಇಳಿದ ಶತ್ರುಗಳೊಡನೆ ಭೂಮಿಯ ಸೇನೆ ಸೆಣಸುವ ಚಲನಚಿತ್ರಗಳೂ ವಿಡಿಯೋ ಆಟಗಳೂ ಇಂದಿನ ಮಕ್ಕಳಿಗೆ ಹೊಸತಲ್ಲ. ಅಂಥ ಕಥೆಗಳ ದೊಡ್ಡ ವಂಶಕ್ಕೆ ಈ ಕಾದಂಬರಿಯೇ ಹಿರಿಯಜ್ಜ ಎಂದರೆ ತಪ್ಪಾಗಲಾರದು.

ವಿಜ್ಞಾನದ ವಿದ್ಯಾರ್ಥಿಯಾಗಿ, ಉಪಾಧ್ಯಾಯರಾಗಿ ಪಳಗಿದ್ದ ವೆಲ್ಸ್ 1895ರಲ್ಲಿ ವೋಕಿಂಗ್‌ಗೆ ಬಂದರು. ಮೇಬರಿ ರಸ್ತೆಯಲ್ಲಿ, ರೈಲು ಹಳಿಗೆ ಎದುರಾಗಿ ಅವರ ಪುಟ್ಟ ಮನೆ. ಆಗಷ್ಟೇ ಸೈಕಲ್ ತುಳಿಯಲು ಕಲಿತಿದ್ದರು. ಸುತ್ತಲ ಹಳ್ಳಿಗಳನ್ನೆಲ್ಲ ಸುತ್ತಿ, ಮಂಗಳದವರ ಕೈಯಲ್ಲಿ ಯಾವ ಊರು ಹಾಳಾಗಬೇಕು, ಯಾವ ಮನೆ ಉರಿಯಬೇಕು ಎಂದು ಗುರುತು ಮಾಡಿಕೊಳ್ಳುತ್ತಿದ್ದರು. ಕಾದಂಬರಿಯ ರಸ್ತೆ, ಸೇತುವೆ, ನಿಲ್ದಾಣಗಳನ್ನು ಇಂದಿಗೂ ನಕ್ಷೆ ಹಿಡಿದು ಹುಡುಕಬಹುದಾದದ್ದು ಇದರಿಂದಲೇ.

ಪಟ್ಟಣದಿಂದ ನಡೆದೇ ಹೋಗುವಷ್ಟು ದೂರದಲ್ಲಿ ಹಾರ್ಸೆಲ್ ಕಾಮನ್ ಎಂಬ ಬಯಲಿದೆ. ಪೈನ್ ಮರಗಳು, ಕುರುಚಲು ಗಿಡಗಳು, ನಡುವೆ ಹಳೆಯ ಮರಳುಗುಂಡಿ. ನಾಯಿಯನ್ನು ಅಡ್ಡಾಡಿಸಲು ಬಂದವರು, ಆಡುವ ಮಕ್ಕಳು ಬಿಟ್ಟರೆ ಇಲ್ಲಿ ಸದ್ದಿಲ್ಲ. ಕಾದಂಬರಿಯಲ್ಲಿ ಮಂಗಳ ಗ್ರಹದಿಂದ ಬಂದ ಮೊದಲ ಉರುಳೆ ಬೀಳುವುದು ಇಲ್ಲೇ. ಬಿಳಿ ಬಾವುಟ ಹಿಡಿದು ಮಾತಾಡಿಸಲು ಹೋದವರು ಉಷ್ಣಕಿರಣಕ್ಕೆ ಸಿಕ್ಕಿ ಸುಟ್ಟುಹೋಗುತ್ತಾರೆ. ಸೇನೆ ಬರುತ್ತದೆ. ಶೆಪರ್ಟನ್ ಬಳಿ ಒಂದು ಫಿರಂಗಿ ಗುಂಡು ಗುರಿ ತಲುಪಿ, ಮುಕ್ಕಾಲಿ ಯಂತ್ರವೊಂದು ಥೇಮ್ಸ್ ನದಿಗೆ ಕುಸಿಯುತ್ತದೆ. ‘ಥಂಡರ್ ಚೈಲ್ಡ್’ ಎಂಬ ಯುದ್ಧನೌಕೆ ಯಂತ್ರಗಳ ಮೇಲೆಯೇ ನುಗ್ಗಿ ತಾನೂ ನಾಶವಾಗುತ್ತದೆ. ಅಷ್ಟೇ, ಮನುಷ್ಯರ ಗೆಲುವು ಅಲ್ಲಿಗೆ ಮುಗಿಯಿತು. ಕೊನೆಗೆ ಮಂಗಳದವರನ್ನು ಕೊಲ್ಲುವುದು ಕಣ್ಣಿಗೆ ಕಾಣದ ರೋಗಾಣುಗಳು.

ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯದ ರಾಜಧಾನಿಯನ್ನೇ ವೆಲ್ಸ್ ಹೀಗೇಕೆ ಧೂಳೀಪಟ ಮಾಡಿದರು? ಉತ್ತರವನ್ನು ಅವರೇ ಹೇಳಿದ್ದಾರೆ. ಸರ್ರೆಯ ಹಾದಿಯಲ್ಲಿ ಒಮ್ಮೆ ಅಣ್ಣ ಫ್ರಾಂಕ್ ಜೊತೆ ನಡೆಯುತ್ತಿದ್ದಾಗ ಟಾಸ್ಮೇನಿಯಾದ ಮೂಲನಿವಾಸಿಗಳ ಮಾತು ಬಂತು. ಬಂದೂಕು, ರೋಗಗಳೊಂದಿಗೆ ಬಂದ ಯೂರೋಪಿಯನ್ನರು ಆ ಜನರನ್ನು ಕೆಲವೇ ದಶಕಗಳಲ್ಲಿ ಬಹುಪಾಲು ಅಳಿಸಿಹಾಕಿದ್ದರು. ಅವರ ಸಂತತಿಯವರು ಇಂದಿಗೂ ಇದ್ದಾರೆ ಎಂಬುದು ಬೇರೆ ಮಾತು. ಹಾಗೆಯೇ ಬೇರೆ ಗ್ರಹದವರು ನಮ್ಮ ಮೇಲೆ ಬಂದಿಳಿದರೆ ಏನಾದೀತು ಎಂದು ಫ್ರಾಂಕ್ ಕೇಳಿದರು. ಕಥೆ ಹುಟ್ಟಿದ್ದು ಆ ಪ್ರಶ್ನೆಯಿಂದ. ಮೊದಲ ಅಧ್ಯಾಯದಲ್ಲೇ ವೆಲ್ಸ್ ಟಾಸ್ಮೇನಿಯಾವನ್ನು ನೆನೆದಿದ್ದಾರೆ. ಗೆದ್ದು ಆಳುತ್ತಿದ್ದವರಿಗೆ ಸೋತವರ ಭಯ ಹೇಗಿರುತ್ತದೆಂದು ತೋರಿಸುವುದು ಅವರ ಉದ್ದೇಶವಾಗಿತ್ತು.

ಇಲ್ಲಿ ಭಾರತದ ಎಳೆಯೂ ಒಂದಿದೆ. ಕಾದಂಬರಿಯಲ್ಲಿ ಉಷ್ಣಕಿರಣಕ್ಕೆ ವೋಕಿಂಗ್‌ನ ಮಸೀದಿಯೊಂದರ ಶಿಖರವೂ ಬಲಿಯಾಗುತ್ತದೆ. ಇದು ಕಲ್ಪನೆಯ ಕಟ್ಟಡವಲ್ಲ. ಲಾಹೋರಿನ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ಡಾ. ಲೈಟ್ನರ್ ಇಲ್ಲಿ ಪೌರ್ವಾತ್ಯ ಸಂಸ್ಥೆಯೊಂದನ್ನು ಕಟ್ಟಿದ್ದರು. ಅದರ ಬದಿಗೆ, ಭೋಪಾಲದ ಬೇಗಂ ಶಾಹಜಹಾನ್ ನೀಡಿದ ಹಣದ ನೆರವಿನಿಂದ 1889ರಲ್ಲಿ ಎದ್ದ ಮಸೀದಿ ಅದು. ಮಸೀದಿಯೆಂದೇ ಬ್ರಿಟನ್ನಿನಲ್ಲಿ ಕಟ್ಟಿದ ಮೊದಲ ಕಟ್ಟಡ ಇದೇ. ವೆಲ್ಸ್ ಕಥೆಯಲ್ಲಿ ಕೆಡವಿದ ಅದರ ಬಿಳಿ ಗೋಡೆ, ಹಸಿರು ಗುಮ್ಮಟ ಇಂದಿಗೂ ಭದ್ರವಾಗಿವೆ.

ಹಾರ್ಸೆಲ್ ಬಯಲಿನ ಇನ್ನೊಂದು ಅಂಚಿನಲ್ಲಿ ಗುಮ್ಮಟದ ಹೆಬ್ಬಾಗಿಲುಳ್ಳ ಇಟ್ಟಿಗೆಯ ಆವರಣವೊಂದಿದೆ. ಇದನ್ನು ತಂದದ್ದು ನಿಜವಾದ ಯುದ್ಧ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಯೋಧರನ್ನು ಬ್ರೈಟನ್ ಮೊದಲಾದ ಕಡೆಯ ಆಸ್ಪತ್ರೆಗಳಿಗೆ ತರುತ್ತಿದ್ದರು. ಬ್ರೈಟನ್ನಿನಲ್ಲಿ ಅಸುನೀಗಿದ ಹಿಂದೂ, ಸಿಖ್ ಯೋಧರ ದಹನ ಅಲ್ಲಿನ ಗುಡ್ಡದ ಮೇಲೆ ನಡೆಯಿತು. ಮುಸ್ಲಿಂ ಯೋಧರನ್ನು ಮಸೀದಿಯಿರುವ ಊರೆಂದು ವೋಕಿಂಗ್‌ಗೆ ತಂದು ಈ ಬಯಲಿನಲ್ಲಿ ಮಣ್ಣು ಮಾಡಿದರು. 1968ರಲ್ಲಿ ಅವರ ಅವಶೇಷಗಳನ್ನು ಸಮೀಪದ ಬ್ರೂಕ್‌ವುಡ್ ಸೈನಿಕ ಸ್ಮಶಾನಕ್ಕೆ ಸಾಗಿಸಲಾಯಿತು. ಬರಿದಾಗಿ ಉಳಿದಿದ್ದ ಆವರಣ 2015ರಲ್ಲಿ ಶಾಂತಿವನವಾಯಿತು. ಇಲ್ಲಿ ಹೂಳಲ್ಪಟ್ಟಿದ್ದ 27 ಯೋಧರ ನೆನಪಿಗೆ ಹಿಮಾಲಯದ 27 ಬರ್ಚ್ ಮರಗಳನ್ನು ನೆಟ್ಟಿದ್ದಾರೆ.

ಮಂಗಳದವರು ಬರಲಿಲ್ಲ, ಬರುವವರೂ ಅಲ್ಲ. ಅಲ್ಲಿ ಇಳಿದಿರುವ ಯಂತ್ರಗಳೆಲ್ಲ ಇಲ್ಲಿಂದ ಮನುಷ್ಯರೇ ಕಳುಹಿಸಿದವು. ಆದರೆ ಪರರ ಆಳ್ವಿಕೆಯಲ್ಲಿದ್ದ ನಾಡಿನ ಯುವಕರು, ತಾವು ಹೂಡದ ಯುದ್ಧಕ್ಕೆ ಬಂದು, ಆ ಕಥೆಯ ಶತ್ರು ಇಳಿದ ಬಯಲಿನಲ್ಲೇ ಮಣ್ಣಾದದ್ದು ಮಾತ್ರ ನಿಜ. ಮರಳುಗುಂಡಿಯನ್ನು ನೋಡಲು ಹೋಗುವ ವಿದ್ಯಾರ್ಥಿಗಳು ಇನ್ನಷ್ಟು ನಡೆದು ಈ ಮರಗಳ ನೆರಳಲ್ಲೂ ಒಂದಿಷ್ಟು ಹೊತ್ತು ನಿಂತು ಬರಬೇಕು.